ಮೊದಲು ಕೆಂಪು ನೋಡು

ಪ್ರೀತಿಯ ಪುಟ್ಟಿ,

ಮೊದಲ ಸಂಬಳದಲ್ಲಿ ಹಳೆಯ ಜಪಾನಿ ಪೋಸ್ಟರ್ ಕೊಳ್ಳುತ್ತೀನಿ ಅಂತ ಬರೆದಿದ್ದೀಯ. ನಿನ್ನಮ್ಮ ಹಣೆ ಚಚ್ಚಿಕೊಂಡಳು, ನನಗೆ ಖುಷಿಯಾಯಿತು. ಆದರೆ ಕಿಮೊನೊ ಉಟ್ಟ ಬಿಯರ್ ಸುಂದರಿಯರ ಕಡೆ ಮಾತ್ರ ಹೋಗಬೇಡ. ಮುಖ ಅದೇ, ಬಾಟಲಿ ಬೇರೆ. ತಿಂಗಳೊಪ್ಪತ್ತಿಗೆ ಬೇಸರ ಬಂದೀತು.

ಹಳೆಯದೇ ಬೇಕೆಂದರೆ 1922ರ ಅಕಾದಾಮ ಪೋರ್ಟ್ ವೈನ್ ಪೋಸ್ಟರ್ ನೋಡು. ಇಂದಿನ ಸನ್‌ಟೋರಿ ಆಗ ಕೊತೊಬುಕಿಯಾ. ಅಲ್ಲಿ ಜಾಹೀರಾತು ನೋಡಿಕೊಳ್ಳುತ್ತಿದ್ದವನು ಕತಾಒಕಾ ತೊಶಿರೊ, ವಿನ್ಯಾಸ ಇನೊಉಎ ಮೊಕುದಾನದು. ಮತ್ಸುಶಿಮಾ ಎಮಿಕೊ ಎಂಬ ಕಲಾವಿದೆ ಬರಿಭುಜದಲ್ಲಿ ಗ್ಲಾಸು ಹಿಡಿದಿದ್ದಾಳೆ. ಜಪಾನಿನ ಮೊದಲ ನಗ್ನ ಪೋಸ್ಟರ್ ಅಂತ ಎಲ್ಲರೂ ಭುಜದ ಮಾತೇ ಆಡುತ್ತಾರೆ. ನೀನು ಗ್ಲಾಸು ನೋಡು. ಫೋಟೊ ಪೂರ್ತಿ ಕಂದು ಮಬ್ಬು, ವೈನ್ ಮಾತ್ರ ಕೆಂಪು. ಮಾರಬೇಕಾದದ್ದು ಯಾವುದು ಅಂತ ಗೊತ್ತಿದ್ದವರ ಕೆಲಸ.

ಅದೇ ಜಿಪುಣತನ ವಿನ್ಯಾಸಕ ಕಮೆಕುರಾ ಯೂಸಾಕುನ 1961ರ ಒಲಿಂಪಿಕ್ ಪೋಸ್ಟರಿನಲ್ಲೂ ಇದೆ. ಬಿಳಿ ಹಾಳೆ, ದೊಡ್ಡ ಕೆಂಪು ವೃತ್ತ, ಕೆಳಗೆ ಬಂಗಾರದ ಐದು ಉಂಗುರ, ಟೋಕಿಯೊ 1964. ಓಟಗಾರನಿಲ್ಲ, ಫುಜಿ ಬೆಟ್ಟವಿಲ್ಲ. ಮರುವರ್ಷದ್ದರಲ್ಲಿ ಕತ್ತಲೊಳಗಿಂದ ಓಟಗಾರರು ಒಮ್ಮೆಲೆ ನುಗ್ಗಿಬರುತ್ತಾರೆ. ಫೋಟೊ ಬಳಸಿದ ಮೊದಲ ಒಲಿಂಪಿಕ್ ಪೋಸ್ಟರ್ ಅದು. ತೆಗೆದವನು ಹಯಾಸಾಕಿ ಒಸಾಮು. ಚಳಿಯ ರಾತ್ರಿ, ಜಪಾನಿ ಓಟಗಾರರನ್ನೂ ಅಮೆರಿಕದ ವಾಯುನೆಲೆಯವರನ್ನೂ ಮತ್ತೆ ಮತ್ತೆ ಓಡಿಸಿ, ಸಾಲು ಕೂಡಿಬರುವ ತನಕ ಬಿಡಲಿಲ್ಲವಂತೆ. ಜನ ಅದಕ್ಕೇ ಮುಗಿಬೀಳುತ್ತಾರೆ. ನನ್ನ ಓಟು ವೃತ್ತಕ್ಕೆ. ಉರಿಯುತ್ತ ಉದುರುವ ಚಿಟ್ಟೆಗಳ ಹಿರೋಶಿಮಾ ಪೋಸ್ಟರ್ ಕೂಡ ಕಮೆಕುರಾನದೇ, 1983ರದು. ಅದು ದೊಡ್ಡ ಕೆಲಸ, ಆದರೆ ಊಟದ ಮನೆಯಲ್ಲಿ ತೂಗುಹಾಕುವಂಥದ್ದಲ್ಲ.

ಇನ್ನು ಕೊಳ್ಳುವ ಮಾತು. ಜೇಬಿನಲ್ಲಿ ಒಂದು ಭೂತಗನ್ನಡಿ ಇರಲಿ. ಒಂದೇ ಶಾಯಿಯಲ್ಲಿ ಅಚ್ಚಾದ ಕೆಂಪು ಅದರಡಿ ತುಂಬಿಕೊಂಡು ಕಾಣುತ್ತದೆ. ಸ್ಕ್ಯಾನ್ ಮಾಡಿ ತೆಗೆದ ನಕಲಿನಲ್ಲಿ ಸಾಮಾನ್ಯವಾಗಿ ಗುಲಾಬಿ, ಹಳದಿ ಚುಕ್ಕಿಗಳು ಎದ್ದುಬರುತ್ತವೆ. ಫ್ರೇಮು ಬಿಚ್ಚಲು ಅಂಗಡಿಯವನು ಒಪ್ಪದಿದ್ದರೆ ಎದ್ದು ಬಾ. ಅಸಲಿ ಕೈಗೆಟುಕದಿದ್ದರೆ, ನಕಲು ಅಂತ ಹೇಳಿಯೇ ಮಾರುವ ಒಳ್ಳೆಯ ಮರುಮುದ್ರಣ ತಗೋ, ನಾಚಿಕೆ ಬೇಡ. ಬಿಸಿಲು ಬೀಳದ ಗೋಡೆ ಯಾವುದು ಅಂತ ಈಗಲೇ ನೋಡಿಟ್ಟುಕೋ. ಕೆಂಪು ಬೇಗ ಮಾಸುತ್ತದೆ.

ನಿನ್ನ ಸೋದರಮಾವ