ದಿಂಬಂ ಘಟ್ಟದಿಂದ ಕಾಣುವ ದೂರ

ತಾಳವಾಡಿಯಿಂದ ಹೊರಟ ಬಸ್ಸು ಹಾಸನೂರನ್ನು ದಾಟಿ ದಿಂಬಂ ತಲುಪಿದೊಡನೆ ನೆಲ ಮುಗಿದು ಆಕಾಶ ಆರಂಭವಾಗುತ್ತದೆ. ಅಲ್ಲಿಂದ ಕೆಳಗೆ, ಬಣ್ಣಾರಿ ಅಮ್ಮನ ಗುಡಿಯ ಕಡೆಗೆ 27 ಕಡಿದಾದ ತಿರುವುಗಳು. ಬಾಲ್ಯದಲ್ಲಿ ತಂದೆಯವರು ನನ್ನನ್ನು ಕಿಟಕಿಯ ಬದಿಗೆ ಕೂರಿಸಿ, ದೂರದ ಬಯಲಿನಲ್ಲಿ ಹೊಳೆಯುವ ಭವಾನಿಸಾಗರದ ನೀರನ್ನು ತೋರಿಸುತ್ತಿದ್ದರು. ವಕೀಲನಾಗಿ ಇದೇ ದಾರಿಯಲ್ಲಿ ಓಡಾಡತೊಡಗಿದ ಮೇಲೆ, ಬೇಸಗೆಯಲ್ಲಿ ಆ ನೀರು ಕಾಣದ ದಿನಗಳೇ ಹೆಚ್ಚೆಂಬುದು ನನ್ನ ಅರಿವಿಗೆ ಬಂದಿತು.

ಮಂಜಿನ ಮಾತು ಬೇರೆ. ಮಳೆಗಾಲದ ಮಂಜು ಬೆಳ್ಳಗೆ ಬಂದು ಬಿಸಿಲೇರಿದಂತೆ ಕರಗುತ್ತದೆ. ನಾನು ಹೇಳುತ್ತಿರುವುದು ಮಧ್ಯಾಹ್ನವಾದರೂ ಕದಲದ ಕಂದು ಮಬ್ಬನ್ನು. ಕಾಳ್ಗಿಚ್ಚಿನ ಹೊಗೆ, ಏರುದಾರಿಯಲ್ಲಿ ಮೊದಲ ಗೇರಿನಲ್ಲಿ ತೇಕುವ ಲಾರಿಗಳ ಡೀಸೆಲ್ ಮಸಿ, ಬಯಲಿನ ಧೂಳು ಇವುಗಳ ಅತಿ ಸಣ್ಣ ಕಣಗಳಲ್ಲಿ ಕೆಲವು ಬೆಳಕನ್ನು ಚೆದುರಿಸುತ್ತವೆ, ಕೆಲವು ಹೀರಿಕೊಳ್ಳುತ್ತವೆ. ಬೆಟ್ಟ ಅಲ್ಲಿಯೇ ಇರುತ್ತದೆ. ಅದರ ಬೆಳಕು ಮಾತ್ರ ನಮ್ಮನ್ನು ತಲುಪುವುದಿಲ್ಲ.

ಈ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿಗೆ ಕಾನೂನಿದೆ, ಮರಕ್ಕೆ ಕಾನೂನಿದೆ. ನೋಟಕ್ಕೆ? 1981ರ ವಾಯು ಕಾಯಿದೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ತಿರುವಿ ಹಾಕಿದೆ. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡಗಳು ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಪ್ರತ್ಯೇಕವಾಗಿಯೇ ಗಣಿಸಿವೆ: ಗಂಧಕದ ಡೈಆಕ್ಸೈಡಿನ ವಾರ್ಷಿಕ ಮಿತಿ ಇತರ ಪ್ರದೇಶಗಳಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ, ಇಲ್ಲಿ 20. ಆದರೆ ನೋಟವನ್ನು ಕೆಡಿಸುವ ಸೂಕ್ಷ್ಮ ಕಣಗಳ ಮಿತಿ ಮಾತ್ರ ಕಾರ್ಖಾನೆಯ ಪ್ರದೇಶಕ್ಕೂ ಹುಲಿಯ ಕಾಡಿಗೂ ಒಂದೇ, 40. ಕಣ್ಣಿಗೆ ಎಷ್ಟು ದೂರ ಕಾಣಬೇಕೆಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.

ಅಮೆರಿಕದ ಶಾಸನದಲ್ಲಿ ಆ ಮಾತಿದೆ. 1977ರ ತಿದ್ದುಪಡಿಯ ಮೂಲಕ, ದೊಡ್ಡ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ವನ್ಯಪ್ರದೇಶಗಳಲ್ಲಿಯೂ ಮನುಷ್ಯಕೃತ ಮಾಲಿನ್ಯದಿಂದ ಮಸುಕಾದ ನೋಟವನ್ನು ಸರಿಪಡಿಸುವುದು ರಾಷ್ಟ್ರದ ಗುರಿಯೆಂದು ಅವರು ಬರೆದುಕೊಂಡರು. ಅಂತಹ ತಾಣಗಳು 156. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ನೋಟಕ್ಕಾಗಿ, ಹತ್ತಿರದ ನವಾಹೊ ಕಲ್ಲಿದ್ದಲು ವಿದ್ಯುತ್ ಸ್ಥಾವರವು ಗಂಧಕವನ್ನು ಸೋಸುವ ಯಂತ್ರಗಳನ್ನು ಅಳವಡಿಸಬೇಕಾಯಿತು. ಮುಂದೆ 2019ರಲ್ಲಿ, ಮುಖ್ಯವಾಗಿ ಖರ್ಚಿನ ಕಾರಣದಿಂದ, ಸ್ಥಾವರವೇ ಮುಚ್ಚಿತು. ಅಲ್ಲಿ ಕೆಲಸ ಕಳೆದುಕೊಂಡವರಲ್ಲಿ ಹೆಚ್ಚಿನವರು ಆ ನೆಲದ ಮೂಲನಿವಾಸಿಗಳೇ. ಇದನ್ನು ಓದಿದಾಗ ನನಗೆ ನಮ್ಮವರ ನೆನಪಾಯಿತು.

ಏಕೆಂದರೆ ನಮ್ಮ ಘಟ್ಟದಲ್ಲಿಯೂ ಒಂದು ನಿರ್ಬಂಧ ಬಂದಿತು. ವಾಹನಗಳಿಗೆ ಸಿಲುಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ, ರಾತ್ರಿ ಸಂಚಾರವನ್ನು ನಿಷೇಧಿಸಿದ 2019ರ ಅಧಿಸೂಚನೆಯನ್ನು ಜಾರಿಗೆ ತರುವಂತೆ ಮದರಾಸು ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಆದೇಶಿಸಿತು. ತಾಳವಾಡಿಯ ಜನ ಬೀದಿಗಿಳಿದರು. ನಾನೂ ಅವರೊಡನೆ ನಿಂತೆನು. ಸಂಜೆ ಕೊಯ್ದ ಟೊಮೆಟೊ, ಎಲೆಕೋಸು ಬೆಳಗಿನ ಮಾರುಕಟ್ಟೆಗೆ ಇಳಿಯಬೇಕು. ಹೆರಿಗೆ ನೋವು ಗಡಿಯಾರ ನೋಡಿ ಬರುವುದಿಲ್ಲ. ನಮ್ಮನ್ನು ಕೇಳಿದವರಾರು ಎಂಬ ಸಿಟ್ಟು ನ್ಯಾಯವಾದದ್ದೇ ಆಗಿತ್ತು. ಸ್ಥಳೀಯರಿಗೆ ಸಡಿಲಿಕೆ ದೊರೆತದ್ದು ಆಮೇಲೆ. ಆದರೂ ಒಪ್ಪಿಕೊಳ್ಳುತ್ತೇನೆ: ಆ ಗದ್ದಲದಲ್ಲಿ, ನಮ್ಮ ತರಕಾರಿಗೂ ನಮ್ಮ ರೋಗಿಗಳಿಗೂ ಸಂಬಂಧವೇ ಇಲ್ಲದೆ ದೂರದ ಊರುಗಳ ನಡುವೆ ಓಡುವ ಭಾರೀ ಲಾರಿಗಳ ಪರವಾಗಿಯೂ ನಾವು ಕೂಗಿದೆವು. ಆ ಎರಡನ್ನು ಬೇರ್ಪಡಿಸಿ ವಾದಿಸಬೇಕಾಗಿತ್ತು. ವಕೀಲನಾದ ನನಗಾದರೂ ಅದು ಹೊಳೆಯಬೇಕಾಗಿತ್ತು.

ಕಳೆದ ಬೇಸಗೆಯಲ್ಲಿ ಆರನೆಯ ತರಗತಿಯ ಮಗಳೊಡನೆ ಘಟ್ಟವಿಳಿದೆನು. ‘ನಾನು ಕಂಡ ದೃಶ್ಯ’ ಎಂಬ ಪ್ರಬಂಧವನ್ನು ಕನ್ನಡ ಮೇಷ್ಟ್ರು ಬರೆಯಹೇಳಿದ್ದರು. ತಂದೆಯವರು ತೋರಿಸುತ್ತಿದ್ದ ತಿರುವಿನಲ್ಲಿ ನಾನೂ ಬೆರಳು ಚಾಚಿದೆನು. “ಅಪ್ಪಾ, ನೀರು ಎಲ್ಲಿ?” ಎಂದಳು. ಅಲ್ಲಿದ್ದದ್ದು ಬೂದು ಬಣ್ಣವೊಂದೇ.

ಮನೆಗೆ ಬಂದು ಅವಳ ಪುಸ್ತಕ ನೋಡಿದೆನು. ಇಪ್ಪತ್ತೇಳು ತಿರುವುಗಳನ್ನು ಎಣಿಸಿದ್ದಳು, ಕಪಿಗಳನ್ನೂ ಕೆಟ್ಟು ನಿಂತ ಲಾರಿಯನ್ನೂ ವರ್ಣಿಸಿದ್ದಳು. ಕೊನೆಯ ಸಾಲು ಹೀಗಿತ್ತು: “ಕೆಳಗೆ ಭವಾನಿಸಾಗರ ಇದೆ ಎಂದು ಅಪ್ಪ ಹೇಳಿದರು.”