ದೇವರ ಮನೆಯಲ್ಲಿದ್ದ ಇಂಜಿನ್ನು

ನನ್ನ ಸೋದರಮಾವನವರ ದೇವರ ಮನೆಯಲ್ಲಿ, ಗಣಪತಿಯ ಎಡಕ್ಕೆ, ಹಿತ್ತಾಳೆಯ ಒಂದು ಪುಟ್ಟ ಬಟ್ಟಲಿತ್ತು. ಹಿಡಿಯೊಳಗೆ ಅಡಗುವಷ್ಟು ಗಾತ್ರ. ಅಡಿಯಲ್ಲಿ ತಿರುಪು, ಮೇಲೊಂದು ತಿರುಪಿನ ಮುಚ್ಚಳ, ಮುಚ್ಚಳದ ನಟ್ಟನಡುವೆ ಒಂದು ರಂಧ್ರ. ಆ ರಂಧ್ರದಲ್ಲಿ ಎರಡು ಊದುಬತ್ತಿಗಳು ಅಲುಗಾಡದೆ ನಿಲ್ಲುತ್ತಿದ್ದವು. ಶುಕ್ರವಾರಕ್ಕೊಮ್ಮೆ ಅತ್ತೆಯವರು ಅದನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿಡುತ್ತಿದ್ದರು. ಮನೆಗೆ ಬಂದವರು ಯಾರಾದರೂ, ಇಷ್ಟು ಚೆನ್ನಾದದ್ದನ್ನು ಯಾವ ಅಂಗಡಿಯಲ್ಲಿ ತಂದಿರಿ ಎಂದು ಕೇಳಿದರೆ ಮಾವ, “ಅಂಗಡಿಯದಲ್ಲ ಸ್ವಾಮಿ, ಅದು ಒಂದು ಇಂಜಿನ್ನಿನ ಮಂಡಿಚಿಪ್ಪು” ಎಂದು ಹೇಳಿ ನಗುತ್ತಿದ್ದರು. ಕೇಳಿದವರು ಅದನ್ನು ತಮಾಷೆಯೆಂದೇ ಎಣಿಸುತ್ತಿದ್ದರು. ಮಾವ ಹೇಳುತ್ತಿದ್ದುದು ನಿಜ.

ಮಾವ ಮೈಸೂರಿನ ಲೋಕೋ ಶೆಡ್ಡಿನಲ್ಲಿ ಫಿಟ್ಟರಾಗಿದ್ದವರು. ನಾವು ಬದನಗುಪ್ಪೆಯವರು. ಮೈಸೂರಿನಿಂದ 1891ರಲ್ಲಿ ನಂಜನಗೂಡಿಗೆ ಬಂದ ಮೀಟರ್ ಗೇಜ್ ಹಳಿ ಅಲ್ಲಿಂದ ಮುಂದಕ್ಕೆ ಚಾಮರಾಜನಗರವನ್ನು ಮುಟ್ಟಲು 1926ರವರೆಗೆ ಕಾಯಿಸಿತು. ಅದರಾಚೆ ಕಾಡು ಘಟ್ಟಗಳನ್ನು ದಾಟಿ ತಮಿಳು ಸೀಮೆಗೆ ಇಳಿಯಬೇಕೆಂಬ ಮಾತು ಮಾತಾಗಿಯೇ ಉಳಿದಿದೆ. ಹಳಿ ಇಂದಿಗೂ ಚಾಮರಾಜನಗರದಲ್ಲೇ ಮುಗಿಯುತ್ತದೆ. ಹಳಿ ಮುಗಿಯುವ ಊರಿಗೆ ಹೋಗುವ ಗಾಡಿಗೆ ಅವಸರವೆಲ್ಲಿಯದು? ನಂಜನಗೂಡಿನಲ್ಲಿ ದಳವಾಯಿ ದೇವರಾಜನ ಕಾಲದ, 1735ರ ಸೇತುವೆಯ ಮೇಲೆ ಎತ್ತಿನ ಗಾಡಿಗಳ ದಾರಿಯ ಮಗ್ಗುಲಲ್ಲೇ ಹಾದು, ಕವಲಂದೆಯಲ್ಲಿ ನಿಂತು, ಕೋಣನೂರಿನಲ್ಲಿ ನಿಂತು, ಅದು ನಮ್ಮೂರಿಗೆ ಬರುವಷ್ಟರಲ್ಲಿ ಹೊಲದಲ್ಲಿದ್ದವರು ಹೊಗೆಯನ್ನು ಕಂಡು ಮನೆಗೆ ಹೋಗಿ ಗಂಟು ಕಟ್ಟಿಕೊಂಡು ಸ್ಟೇಷನ್ನು ಸೇರಬಹುದಾಗಿತ್ತು.

ಮಾವ ನಮ್ಮೂರಿಗೆ ಬಂದ ದಿನ ನನಗೆ ಇಂಜಿನ್ನಿನ ಬಳಿಗೆ ಹೋಗುವ ಅಧಿಕಾರ ತಾನಾಗಿಯೇ ಬರುತ್ತಿತ್ತು. ಗಾಡಿ ನಿಂತ ಅಷ್ಟು ಹೊತ್ತಿನಲ್ಲೇ ಡ್ರೈವರು ಉದ್ದ ಮೂತಿಯ ಎಣ್ಣೆಯ ಡಬ್ಬಿಯನ್ನು ಹಿಡಿದು ಕೆಳಗಿಳಿದು ಒಂದು ಸುತ್ತು ಬರುತ್ತಿದ್ದ. “ನೋಡಿಕೋ,” ಎಂದು ಮಾವ ತೋರಿಸುತ್ತಿದ್ದರು, “ಪಿಸ್ಟನ್ನಿನ ತಲೆ ಜಾರುವ ಈ ಪಟ್ಟಿಗಳ ಮೇಲೆ ಬಟ್ಟಲಿದೆಯಲ್ಲ, ಅದರೊಳಗೆ ಉಣ್ಣೆಯ ಬತ್ತಿ ಹಾಕಿರುತ್ತೇವೆ. ಅದು ಎಣ್ಣೆಯನ್ನು ಮೇಲಕ್ಕೆ ಸೆಳೆದು ನಡುವಿನ ಕೊಳವೆಯೊಳಕ್ಕೆ ಹನಿ ಹನಿಯಾಗಿ ಇಳಿಸುತ್ತದೆ. ಬತ್ತಿ ಗಟ್ಟಿಯಾದರೆ ಎಣ್ಣೆ ಇಳಿಯುವುದಿಲ್ಲ. ಲೋಹ ಕಾದು ಕೆಟ್ಟುಹೋಗುತ್ತದೆ. ಸಡಿಲವಾದರೆ ನಂಜನಗೂಡಿಗೆ ಮುಂಚೆಯೇ ಬಟ್ಟಲು ಬರಿದು.” ಅಷ್ಟು ದೊಡ್ಡ ಕಪ್ಪು ಪ್ರಾಣಿಯ ಓಟ ನಾಲ್ಕೆಳೆ ಉಣ್ಣೆಯ ಹದದ ಮೇಲೆ ನಿಂತಿದೆಯೆಂಬ ಮಾತು ನನಗೆ ಆಗ ನಂಬಲು ಕಷ್ಟವಾಗಿತ್ತು.

ಆ ಬತ್ತಿಗಳನ್ನು ಎಷ್ಟೋ ವೇಳೆ ಮಾವ ಮನೆಯಲ್ಲೇ ಹೊಸೆಯುತ್ತಿದ್ದರು. ತಂತಿಯ ತುಂಡಿಗೆ ಉಣ್ಣೆಯ ದಾರವನ್ನು ಸುತ್ತಿ ಬಾಲ ಬಿಡಬೇಕು. ಪಕ್ಕದಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯವರು ಕೆಲವು ಸಲ ಅದಕ್ಕೂ ಕೈ ಹಾಕುತ್ತಿದ್ದರು. ಇದನ್ನು ಇಲ್ಲಿ ಹೇಳಿರುವುದಕ್ಕೆ ಕಾರಣವಿದೆ.

ಶೆಡ್ಡಿನ ಹಿಂಬದಿಯಲ್ಲಿ ಹುಲ್ಲು ಬೆಳೆದ ಒಂದು ಹಳಿಯಿತ್ತು. ಓಡುವ ಆಯುಷ್ಯ ಮುಗಿದ ಇಂಜಿನ್ನುಗಳು ಹರಾಜಿನವರೆಗೆ ಅಲ್ಲಿ ನಿಂತಿರುತ್ತಿದ್ದವು. ಸುಮ್ಮನೆ ನಿಂತಿರುತ್ತಿದ್ದವೆಂದಲ್ಲ. ಒಂದು ಗಾಡಿಗೆ ಬೆಳಗಿನೊಳಗೆ ಇಂಜೆಕ್ಟರು ಬೇಕು, ಉಗ್ರಾಣದಲ್ಲಿಲ್ಲ. ಸತ್ತ ಇಂಜಿನ್ನಿನಿಂದ ಬಿಚ್ಚಿ ತರುತ್ತಿದ್ದರು. ಇಂದು ನೀರಿನ ಮಟ್ಟ ತೋರುವ ಗಾಜಿನ ತಿರುಗಣಿ, ನಾಳೆ ಸ್ಪ್ರಿಂಗು, ನಾಡಿದ್ದು ಸೀಟಿ. ಹುಡುಗನಾಗಿದ್ದ ನನಗೆ ಇದು ಹೆಣದ ಮೈಮೇಲಿನ ಒಡವೆ ಕಿತ್ತುಕೊಂಡಂತೆ ಕಂಡು, ಒಂದು ಸಲ ಬಾಯಿಬಿಟ್ಟು ಅಂದೂಬಿಟ್ಟೆ. ಮಾವ ಬೇಸರಪಟ್ಟುಕೊಳ್ಳಲಿಲ್ಲ. “ನಿಮ್ಮಜ್ಜಿಯ ಬಳೆ ಕರಗಿಸಿ ನಿಮ್ಮಮ್ಮನಿಗೆ ಸರ ಮಾಡಿಸಲಿಲ್ಲವೆ? ಅದೇನು ಕಳ್ಳತನವೆ?” ಎಂದರು. ಆದರೆ ಅವರದೊಂದು ಕಟ್ಟುನಿಟ್ಟಿತ್ತು. ಯಾವ ಇಂಜಿನ್ನಿನಿಂದ ಏನನ್ನು ತೆಗೆದು ಯಾವುದಕ್ಕೆ ಹಾಕಿದೆವೆಂಬುದನ್ನು ಚಿಕ್ಕದೊಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬರೆಯದೆ ತೆಗೆದದ್ದು ಮಾತ್ರ ಕಳ್ಳತನವೆಂದು ಅವರ ಮತ.

ಹಾಗೆ ನೋಡಿದರೆ ಹಳೆಯ ಇಂಜಿನ್ನುಗಳಲ್ಲಿ ಯಾವುದೂ ತನ್ನ ಹುಟ್ಟುಮೈಯಲ್ಲಿ ಮುದಿಯಾದದ್ದಲ್ಲ. ದೊಡ್ಡ ರಿಪೇರಿಗೆಂದು ಕಾರ್ಖಾನೆಗೆ ಹೋದಾಗ ಬಾಯ್ಲರನ್ನೇ ಎತ್ತಿ ಬದಿಗಿಟ್ಟು, ಆಗಲೇ ಸರಿಪಡಿಸಿಟ್ಟಿದ್ದ ಬೇರೊಂದು ಬಾಯ್ಲರನ್ನು ಕೂರಿಸಿ ಕಳುಹಿಸುವುದು ವಾಡಿಕೆಯಾಗಿತ್ತು. ಹೆಸರೂ ನಂಬರೂ ಅಡಿಯ ಚೌಕಟ್ಟಿನದು; ಮೇಲಿನದು ಬದಲಾಗುತ್ತಿತ್ತು. ನಮ್ಮ ಕಡೆಯವರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಚಾಮರಾಜನಗರದ ಚಾಮರಾಜೇಶ್ವರನ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿತು. ಆಷಾಢದ ಆ ತೇರಿಗೆ ಹೊಸ ದಂಪತಿಗಳು ಜೊತೆಯಾಗಿ ಬಂದು ಹಣ್ಣು ಜವನ ಎಸೆಯುವುದು ನಮ್ಮ ಸೀಮೆಯ ಪದ್ಧತಿ. ಕೆಲವು ವರ್ಷ ಅವರಿಗೆ ತೇರಿಲ್ಲ. ಹೊಸ ತೇರನ್ನು ಕಟ್ಟಿ 2022ರಲ್ಲಿ ಎಳೆದಾಗ, ಇದು ಬೇರೆ ತೇರೆಂದು ಯಾರೂ ಹಣ್ಣನ್ನು ಮನೆಗೆ ಹಿಂದಕ್ಕೆ ಒಯ್ಯಲಿಲ್ಲ.

ಬ್ರಿಟನ್ನಿನಲ್ಲಿ ಇದೇ ವಿಚಾರ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ವೇಲ್ಸಿನ ಬ್ಯಾರಿ ಎಂಬ ಊರಿನ ಗುಜರಿ ಅಂಗಳಕ್ಕೆ ಬಂದ ಸುಮಾರು ಮುನ್ನೂರು ಉಗಿ ಇಂಜಿನ್ನುಗಳಲ್ಲಿ 213ನ್ನು ಅಭಿಮಾನಿಗಳು ಕೊಂಡು ಉಳಿಸಿಕೊಂಡರು. ಕೊನೆಯ ಹತ್ತರಲ್ಲಿ ಒಂದು ‘ವಿಲಿಂಗ್ಟನ್ ಹಾಲ್’. ಅದನ್ನು ಇಡಿಯಾಗಿ ಎಬ್ಬಿಸದೆ ಅದರ ಬಾಯ್ಲರನ್ನು ಒಂದು ಹೊಸ ಇಂಜಿನ್ನಿಗೂ ಚೌಕಟ್ಟನ್ನು ಇನ್ನೊಂದಕ್ಕೂ ಕೊಟ್ಟರು. ಆ ಎರಡೂ ಒಂದು ಕಾಲಕ್ಕೆ ಇದ್ದು, ಒಂದೂ ಉಳಿಯದೆ ಅಳಿದುಹೋದ ಜಾತಿಗಳು. ಒಂದು ಜೀವ ಕಳೆದು ಎರಡು ಜೀವ ಗಳಿಸಿದ ಈ ಲೆಕ್ಕವನ್ನು ಮಾವ ಕೇಳಿದ್ದರೆ ತಲೆದೂಗುತ್ತಿದ್ದರು. ಪುಸ್ತಕದಲ್ಲಿ ಬರೆದಿದ್ದಾರಷ್ಟೆ ಎಂದೂ ಕೇಳುತ್ತಿದ್ದರು.

ಬರೆಯದೆ ತೆಗೆಯುವವರೂ ಇದ್ದಾರೆ. 1855ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ, ನಮ್ಮ ದೇಶದ ಹೆಮ್ಮೆಯ ‘ಫೇರಿ ಕ್ವೀನ್’ ಇಂಜಿನ್ನನ್ನು 1997ರಲ್ಲಿ ಮತ್ತೆ ಓಡಿಸಿದರಷ್ಟೆ. 2011ರಲ್ಲಿ ಕಳ್ಳರು ಅದರ ಮುಖ್ಯ ಭಾಗಗಳನ್ನೇ ಬಿಚ್ಚಿಕೊಂಡು ಹೋದರು. ಪೆರಂಬೂರಿನ ಕಾರ್ಖಾನೆಯವರು ಅದನ್ನು ಮತ್ತೆ ಸರಿಪಡಿಸಬೇಕಾಯಿತು. ನೂರೈವತ್ತು ವರ್ಷದ ಮುದುಕಿಯ ಮೂಗುತಿಗೂ ಆಸೆಪಡುವ ಜನ!

ಬಿಡಿಭಾಗ ಸಿಗದಿದ್ದರೆ ಮಾಡಿಕೊಳ್ಳುವುದು ಇನ್ನೊಂದು ದಾರಿ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ಊಟಿಗೆ ಹೋದವರು ಅಲ್ಲಿಯ ಹಲ್ಲುಹಳಿಯ ಪುಟ್ಟ ರೈಲನ್ನು ನೋಡಿರುತ್ತಾರೆ. ಅದರ ಹಳೆಯ ಇಂಜಿನ್ನುಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥರಿನವು. ಅಲ್ಲಿಂದ ಬಂದ ಕೊನೆಯ ತಂಡ 1952ರದು. ಅವು ಸವೆದಾಗ ತಿರುಚ್ಚಿಯ ಪೊನ್ಮಲೈ ಕಾರ್ಖಾನೆಯವರು ಅದೇ ಜಾತಿಯ ಹೊಸ ಇಂಜಿನ್ನುಗಳನ್ನು 2011ರಿಂದೀಚೆಗೆ ಇಲ್ಲಿಯೇ ಕಟ್ಟಿದರು. ಆ ಅದೃಷ್ಟ ಓಡುವ ಇಂಜಿನ್ನಿಗೆ ಮಾತ್ರ. ಕಟ್ಟೆಯ ಮೇಲೆ ನಿಲ್ಲಿಸಿದ ಇಂಜಿನ್ನಿಗೆ ಯಾರು ಅಷ್ಟು ಖರ್ಚು ಮಾಡುತ್ತಾರೆ? ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಷ್ಟು ಹಿಂದೆಯೇ ಏರ್ಪಟ್ಟು ನಮ್ಮ ಮೀಟರ್ ಗೇಜ್ ಕಾಲದ ಇಂಜಿನ್ನುಗಳಿಗೂ ಮಹಾರಾಣಿಯವರ ಬೋಗಿಗೂ ನೆಲೆ ಸಿಕ್ಕಿತು. ಎಲ್ಲಕ್ಕೂ ಆ ಭಾಗ್ಯವಿಲ್ಲ.

ಈಗ ಬಟ್ಟಲಿನ ವಿಷಯ. ಮಾವನಿಗೆ ಬಲು ಮೆಚ್ಚಿನ ಒಂದು ಹಳೆಯ ಇಂಜಿನ್ನನ್ನು ಹರಾಜಿನಲ್ಲಿ ಕೊಂಡವರು ಗ್ಯಾಸಿನ ಬೆಂಕಿಯಿಂದ ಕತ್ತರಿಸುತ್ತಿದ್ದಾಗ ಮಾವ ದೂರದಲ್ಲಿ ನಿಂತು ನೋಡುತ್ತಿದ್ದರಂತೆ. ಕಂಟ್ರಾಕ್ಟರು ಕರೆದು ಈ ಬಟ್ಟಲನ್ನು ಕೈಗಿತ್ತ. ಮಾವ ಪುಕ್ಕಟೆ ಒಲ್ಲದೆ ತೂಕದ ಮೇಲೆ ಹಣ ಕೊಟ್ಟು ಚೀಟಿ ಬರೆಸಿಕೊಂಡರು. ಆ ಚೀಟಿ ಇಂದಿಗೂ ಹಳೆಯ ಪಂಚಾಂಗವೊಂದರ ನಡುವೆ ಇದೆ. ಮಾವ ತೀರಿಕೊಂಡು ಹತ್ತು ವರ್ಷವಾಯಿತು.

ಹೋದ ವರ್ಷ ಇಬ್ಬರು ನಿವೃತ್ತ ಫಿಟ್ಟರುಗಳು ಅತ್ತೆಯವರ ಮನೆಗೆ ಬಂದರು. ನಮ್ಮ ಸೀಮೆಯಲ್ಲೇ ಒಂದು ಕಡೆ ಕಟ್ಟೆಯ ಮೇಲೆ ನಿಂತಿರುವ ಇಂಜಿನ್ನನ್ನು ಇವರೂ ಇವರ ಗೆಳೆಯರೂ ಕೇಳಿ ಅನುಮತಿ ಪಡೆದು ಚೊಕ್ಕಟ ಮಾಡುತ್ತಿದ್ದರು. ಮಾವನ ಇಂಜಿನ್ನಿನದೇ ಜಾತಿ. ಎಣ್ಣೆಬಟ್ಟಲು ಇರಬೇಕಾದ ನಾಲ್ಕು ಕಡೆಯೂ ಬರಿಯ ತೂತು. ತೂತಿಗೆ ಕಪ್ಪು ಬಣ್ಣ ಮೆತ್ತಿದ್ದರು. ಒಂದು ಬಟ್ಟಲು ಸಿಕ್ಕರೆ ಅದನ್ನು ಅಚ್ಚಾಗಿಟ್ಟುಕೊಂಡು ಉಳಿದವನ್ನು ಎರಕ ಹೊಯ್ಯಿಸಬಹುದು ಎಂದರು. ಅವರಿಗೆ ಈ ಬಟ್ಟಲಿನ ನೆನಪಿತ್ತು.

ನಾನು ಅಲ್ಲಿಯೇ ಇದ್ದೆ. ಅವರು ಹೋದ ಮೇಲೆ, ಕೊಡಬೇಡಿ ಎಂದು ಅತ್ತೆಯವರಿಗೆ ಹೇಳಿದವನು ನಾನೇ. ಮಾವ ಸತ್ತ ಇಂಜಿನ್ನಿನಿಂದ ಬಿಚ್ಚಿದ್ದು ಬದುಕಿದ್ದಕ್ಕೆ ಹಾಕಲು. ಇಲ್ಲಿ ಅದು ತಿರುವುಮುರುವು. ನಮ್ಮ ಮನೆಯಲ್ಲಿ ದಿನವೂ ಕೆಲಸ ಮಾಡುವ ಬಟ್ಟಲನ್ನು ಎಂದೂ ಓಡದ ಕಬ್ಬಿಣಕ್ಕೆ ಸಿಕ್ಕಿಸುವುದೆ? ಹಿತ್ತಾಳೆಯೆಂದರೆ ವಾರವೊಪ್ಪತ್ತಿನಲ್ಲಿ ಮಾಯವಾದೀತು. ಹೆಚ್ಚೆಂದರೆ ಅಚ್ಚಿಗೆ ಕೊಟ್ಟು ವಾಪಸ್ಸು ಪಡೆಯೋಣ, ಎಂದು ವಾದಿಸಿದೆ. ನನ್ನ ವಾದ ನನಗೆ ಬಹಳ ಸರಿಯಾಗಿ ಕಂಡಿತು.

ಅತ್ತೆಯವರಿಗೆ ಎಂಬತ್ತೈದು. ಎಲ್ಲವನ್ನೂ ಕೇಳಿ, “ಅಚ್ಚಿಗೇ ಕೊಡೋಣ, ಆಮೇಲೆ ನೋಡೋಣ” ಎಂದರು.

ಎರಕ ಮುಗಿದು ನಾಲ್ಕು ಹೊಸ ಬಟ್ಟಲುಗಳೂ ನಮ್ಮದೂ ಒಟ್ಟಿಗೆ ಮನೆಗೆ ಬಂದವು. ಹೊಸವು ಥಳಥಳಿಸುತ್ತಿದ್ದವು. ಅತ್ತೆಯವರು ಐದನ್ನೂ ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿದರು. ಹೊಸದೊಂದನ್ನು ಎತ್ತಿಕೊಂಡು, “ಊದುಬತ್ತಿಗೆ ಇದು ಸಾಕು ಕಣೋ. ಅದು ಮಾತ್ರ ಅಲ್ಲಿಗೆ ಹೋಗಲಿ” ಎಂದರು. ಕಳ್ಳರ ಮಾತನ್ನು ನಾನು ಮತ್ತೆ ಎತ್ತಿದೆ. “ಚೀಟಿ ನಮ್ಮ ಹತ್ತಿರ ಇದೆಯಲ್ಲ” ಎಂದರು. ಇದು ಉತ್ತರವೋ ಅಲ್ಲವೋ ನನಗೆ ಇನ್ನೂ ತಿಳಿದಿಲ್ಲ. ಆಮೇಲೆ ಆ ಫಿಟ್ಟರುಗಳನ್ನು ಕೇಳಿದರು: “ಬತ್ತಿ ಯಾರು ಹಾಕ್ತೀರಪ್ಪ?”

ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಿಂತ ಇಂಜಿನ್ನಿಗೆ ಬತ್ತಿ ಹಾಕುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಅತ್ತೆಯವರು ಹಳೆಯ ಸ್ವೆಟರೊಂದರ ತೋಳನ್ನು ಬಿಚ್ಚಿಸಿ ದಾರವನ್ನು ತೊಳೆಸಿ ಒಣಗಿಸಿದರು. ನನ್ನಿಂದ ತಂತಿಯನ್ನು ಕತ್ತರಿಸಿದರು. ಕಣ್ಣು ಅಷ್ಟಾಗಿ ಕಾಣದು, ಬೆರಳುಗಳಿಗೆ ಮರೆತಿರಲಿಲ್ಲ. ನಾಲ್ಕು ಬತ್ತಿಗಳು ಸಿದ್ಧವಾದವು. ಆಯುಧಪೂಜೆಯ ದಿನ ಕಾರಿನಲ್ಲಿ ಕೂರಿಸಿಕೊಂಡು ಹೋದೆವು. ನಿವೃತ್ತರು ಹತ್ತು ಹನ್ನೆರಡು ಮಂದಿ ಸೇರಿದ್ದರು. ಇಂಜಿನ್ನಿಗೆ ಚೆಂಡುಹೂವಿನ ಹಾರ, ಮುಂದೆ ಕುಂಬಳಕಾಯಿ. ಮಾವನ ಬಟ್ಟಲು ಎಡಗಡೆಯ ಪಟ್ಟಿಯ ಮೇಲೆ ತಿರುಪಿಗೆ ತಿರುಪು ಸರಿಯಾಗಿ ಕೂತಿತು. ಅತ್ತೆಯವರು ಬತ್ತಿಯನ್ನು ಕೊಳವೆಯೊಳಗೆ ಇಳಿಸಿ, ಬಾಲವನ್ನು ಬಟ್ಟಲಿನಲ್ಲಿ ಹರಡಿ, ಎಣ್ಣೆಯನ್ನು ತುಂಬಿದರು. ಮುಚ್ಚಳವನ್ನು ಹಾಕಗೊಡಲಿಲ್ಲ. ಕುರ್ಚಿಯೊಂದನ್ನು ತರಿಸಿಕೊಂಡು ಪಕ್ಕದಲ್ಲೇ ಕುಳಿತರು.

ನಾವು ಪ್ರಸಾದ ತಿಂದು ಮಾತಾಡುತ್ತಿದ್ದೆವು. ಕಾಲು ಗಂಟೆಯಾಗಿರಬೇಕು. ಅತ್ತೆಯವರು ಬೆರಳು ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದರು. ಬಗ್ಗಿ ನೋಡಿದೆ. ಪಟ್ಟಿಯ ಅಡಿಯಲ್ಲಿ, ತುಕ್ಕನ್ನು ಉಜ್ಜಿ ತೆಗೆದ ಕಬ್ಬಿಣದ ಮೇಲೆ, ಒಂದು ಹನಿ ಎಣ್ಣೆ ಇಳಿದು ನಿಂತಿತ್ತು. ಅದರ ಹಿಂದೆಯೇ ಇನ್ನೊಂದು ಮೆಲ್ಲಗೆ ಇಳಿಯುತ್ತಿತ್ತು.