ನಾಯಿಯಲ್ಲದ ನಾಯಿಗಳ ಊರು ಹುಡುಕುತ್ತ

ಅಮೆರಿಕದ ಸೌತ್ ಡಕೋಟಾ ರಾಜ್ಯದಲ್ಲಿ ರ‍್ಯಾಪಿಡ್ ಸಿಟಿಯಿಂದ ಪೂರ್ವಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ವಾಲ್ ಎಂಬ ಊರು ಸಿಗುತ್ತದೆ. ಸಾವಿರ ಜನರೂ ಇಲ್ಲದ ಈ ಊರಿಗೆ ಹೆಸರು ತಂದುಕೊಟ್ಟದ್ದು ಒಂದು ಔಷಧಿ ಅಂಗಡಿ. 1930ರ ದಶಕದಲ್ಲಿ ಬಿಸಿಲಿಗೆ ಬಸವಳಿದ ದಾರಿಹೋಕರಿಗೆ ಪುಕ್ಕಟೆ ಐಸ್ ನೀರು ಕೊಡುತ್ತೇವೆಂದು ರಸ್ತೆಯುದ್ದಕ್ಕೂ ಫಲಕ ನೆಟ್ಟ ಅಂಗಡಿ ಅದು. ಬೇಸಿಗೆಯಲ್ಲಿ ಇಲ್ಲಿಗೆ ಎರಡು ಬಗೆಯ ಪ್ರವಾಸಿಗರು ಬರುತ್ತಾರೆ. ಒಬ್ಬರ ಗಾಡಿಯಲ್ಲಿ ಕ್ಯಾಮೆರಾ, ಇನ್ನೊಬ್ಬರ ಗಾಡಿಯಲ್ಲಿ ದೂರದರ್ಶಕ ಜೋಡಿಸಿದ ಬಂದೂಕು. ಇಬ್ಬರೂ ಕೇಳುವ ಪ್ರಶ್ನೆ ಮಾತ್ರ ಒಂದೇ: ಪ್ರೇರಿ ನಾಯಿಗಳು ಎಲ್ಲಿ ಸಿಗುತ್ತವೆ?

ಹೆಸರಿಗೆ ನಾಯಿ, ಜಾತಿಯಲ್ಲಿ ಅಳಿಲು. ನೀರುನಾಯಿಯನ್ನು ನಾಯಿ ಎಂದು ಕರೆದ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಕಿಲೋ ತೂಗುವ, ಮಣ್ಣಿನ ಬಣ್ಣದ ಈ ಪ್ರಾಣಿ ಅಪಾಯ ಕಂಡರೆ ಬಿಲದ ಬಾಯಲ್ಲಿ ಹಿಂಗಾಲ ಮೇಲೆ ನಿಂತು ಬೊಗಳಿದಂತೆ ಕೂಗುತ್ತದೆ. ಹೆಸರು ಬಂದದ್ದು ಆ ಕೂಗಿನಿಂದ. 1804ರ ಸೆಪ್ಟೆಂಬರಿನಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಅವರ ಅನ್ವೇಷಣಾ ತಂಡ ಇಂದಿನ ನೆಬ್ರಾಸ್ಕಾದಲ್ಲಿ ಇವುಗಳನ್ನು ಮೊದಲ ಸಲ ಕಂಡಿತು. ಒಂದನ್ನು ಜೀವಂತ ಹಿಡಿಯಲು ತಂಡದವರು ಬಿಲಕ್ಕೆ ಪೀಪಾಯಿಗಟ್ಟಲೆ ನೀರು ಸುರಿದು ದಿನದ ಬಹುಭಾಗ ಕಳೆದರು. ಮರುವರ್ಷ ಒಂದು ಪ್ರೇರಿ ನಾಯಿ ಜೀವಸಹಿತ ಅಧ್ಯಕ್ಷ ಜೆಫರ್‌ಸನ್ನರ ಬಳಿ ತಲುಪಿತು.

ಇವುಗಳ ವಾಸ ಬಿಡಿಬಿಡಿಯಲ್ಲ, ಊರು ಕಟ್ಟಿಕೊಂಡು. ಊರೊಳಗೆ ಕುಟುಂಬಗಳು, ಕುಟುಂಬಕ್ಕೊಂದು ಗಡಿ. ತಮ್ಮವರು ಎದುರಾದರೆ ಮೂತಿಗೆ ಮೂತಿ ಒತ್ತಿ ಗುರುತು ಹಿಡಿಯುತ್ತವೆ. ಬಿಲದ ಒಂದು ಬಾಯಿ ಎತ್ತರ, ಇನ್ನೊಂದು ತಗ್ಗು. ಮೇಲೆ ಬೀಸುವ ಗಾಳಿ ಎತ್ತರದ ಬಾಯಿಯ ಮೂಲಕ ಒಳಗಿನ ಹವೆಯನ್ನು ಸೆಳೆದುಕೊಳ್ಳುತ್ತದೆ, ತಗ್ಗಿನ ಬಾಯಿಂದ ಹೊಸ ಹವೆ ಒಳಗೆ ನುಗ್ಗುತ್ತದೆ. ಭೌತವಿಜ್ಞಾನದ ತರಗತಿಯಲ್ಲಿ ಬರ್ನೂಲಿ ತತ್ತ್ವ ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಚಂದದ ಉದಾಹರಣೆ ಸಿಗಲಾರದು.

ಊರು ಪತ್ತೆ ಮಾಡುವುದೂ ಒಂದು ವಿದ್ಯೆಯೇ. ಕಲ್ಲು ಗುಡ್ಡಗಳಲ್ಲಿ, ಮಳೆನೀರು ನಿಲ್ಲುವ ತಗ್ಗಿನಲ್ಲಿ ಹುಡುಕಿ ಫಲವಿಲ್ಲ. ಮಣ್ಣು ಆಳವಾಗಿರುವ, ಇಳಿಜಾರು ಕಡಿಮೆ ಇರುವ, ದನ ಅಥವಾ ಕಾಡೆಮ್ಮೆಗಳು ಮೇದ ಬಯಲೇ ಬೇಕು. ಸುತ್ತ ಮೊಣಕಾಲೆತ್ತರ ಹುಲ್ಲಿದ್ದು, ನಡುವೆ ಕ್ಷೌರ ಮಾಡಿಸಿದಂತೆ ನುಣ್ಣಗಾದ ಜಾಗ ಕಂಡರೆ, ಅಲ್ಲಲ್ಲಿ ಮಣ್ಣಿನ ದಿಬ್ಬಗಳಿದ್ದರೆ, ಅದೇ ಊರು. ಶತ್ರು ಬರುವುದು ದೂರದಿಂದಲೇ ಕಾಣಲೆಂದು ಅವು ಹುಲ್ಲನ್ನು ತಾವಾಗಿ ಕತ್ತರಿಸಿ ಹಾಕುತ್ತವೆ. ದಿಬ್ಬದ ಮೇಲೆ ಹಗಲಿನಲ್ಲೇ ಉದ್ದ ಕಾಲಿನ ಪುಟ್ಟ ಗೂಬೆ ನಿಂತಿದ್ದರೆ ಅನುಮಾನವೇ ಬೇಡ. ಇವು ಕೊರೆದ ಬಿಲದಲ್ಲಿ ಗೂಡು ಮಾಡುವ ಹಕ್ಕಿ ಅದು. ಹಾಗೆಂದು ದಿಬ್ಬ ಕಂಡ ಮಾತ್ರಕ್ಕೆ ಊರು ಬದುಕಿದೆ ಎನ್ನಲಾಗದು. ಬಾಯಲ್ಲಿ ಹಸಿ ಮಣ್ಣು, ಹೊಸ ಹಿಕ್ಕೆ ಇದ್ದರೆ ಒಳಗೆ ಜನವಿದೆ. ಜೇಡರ ಬಲೆ ಕಟ್ಟಿದ್ದರೆ ಮನೆ ಖಾಲಿ. ಬೇಸಿಗೆಯಲ್ಲಿ ಬೆಳಗ್ಗೆ ಮತ್ತು ಸಂಜೆ ಹೋಗಬೇಕು, ಮಧ್ಯಾಹ್ನದ ಬಿಸಿಲಿಗೆ ಅವು ಒಳಗೇ ಇರುತ್ತವೆ.

ಹುಡುಕಿದ ಜಾಗ ಯಾರದೆಂಬುದು ಮುಂದಿನ ಪ್ರಶ್ನೆ. ವಾಲ್ ಸುತ್ತಲಿನ ಬಫಲೋ ಗ್ಯಾಪ್ ರಾಷ್ಟ್ರೀಯ ಹುಲ್ಲುಗಾವಲು ಅರಣ್ಯ ಇಲಾಖೆಯ ವಶದಲ್ಲಿದೆ. 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿಗಳಿಂದ ದಿಕ್ಕೆಟ್ಟ ರೈತರಿಂದ ಸರ್ಕಾರ ಕೊಂಡ ಹೊಲಗಳು ಅದರಲ್ಲಿ ಸೇರಿವೆ. ಹೀಗಾಗಿ ನಕ್ಷೆಯಲ್ಲಿ ಸರ್ಕಾರದ ಜಮೀನೂ ಖಾಸಗಿ ಜಮೀನೂ ಚದುರಂಗದ ಮನೆಗಳಂತೆ ಬೆರೆತಿವೆ. ನಕ್ಷೆ ಇಲ್ಲದೆ ಹೋದವರು ಯಾರದೋ ಹೊಲದಲ್ಲಿ ನಿಂತಿರುತ್ತಾರೆ. ಖಾಸಗಿ ಜಮೀನಾದರೆ ದನ ಸಾಕುವ ಒಡೆಯನ ಮನೆ ಬಾಗಿಲು ತಟ್ಟಿ ಕೇಳಬೇಕು, ಬುಡಕಟ್ಟುಗಳ ಮೀಸಲು ಪ್ರದೇಶವಾದರೆ ಆ ಬುಡಕಟ್ಟಿನಿಂದಲೇ ಪರವಾನಗಿ ಪಡೆಯಬೇಕು. ಒಡೆಯರು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ತಮ್ಮ ದನದ ಮೇವಿಗೆ ಪಾಲುದಾರರಾದ ಈ ಪ್ರಾಣಿಗಳು ಅವರ ಕಣ್ಣಿಗೆ ಪೀಡೆ. ಕೆಲವರು ಗುಂಡು ಹೊಡೆಯುವವರಿಂದ ಶುಲ್ಕವನ್ನೂ ಪಡೆಯುತ್ತಾರೆ.

1972ರ ವನ್ಯಜೀವಿ ಕಾಯ್ದೆಯಡಿ ಬೆಳೆದ ನಮ್ಮ ಮಕ್ಕಳಿಗೆ ಈ ಬೇಟೆ ವಿಚಿತ್ರವೆನಿಸೀತು. ಬೆಂಚಿನ ಮೇಲೆ ಬಂದೂಕು ಊರಿ ಇನ್ನೂರು, ಮುನ್ನೂರು ಗಜ ದೂರದಿಂದ ಗುರಿಯಿಡುವುದು ಇದರ ಕ್ರಮ. ಸತ್ತ ಪ್ರಾಣಿಯನ್ನು ತಿನ್ನಲು ಒಯ್ಯುವವರು ವಿರಳ. ಬಿದ್ದಲ್ಲೇ ಬಿಟ್ಟ ಕಳೇಬರವನ್ನು ಹದ್ದು, ಗಿಡುಗಗಳು ತಿನ್ನುತ್ತವೆ, ಒಳಗೆ ಚೂರಾದ ಗುಂಡಿನ ಸೀಸ ಅವುಗಳ ಹೊಟ್ಟೆ ಸೇರುತ್ತದೆ. ವಸಂತದಲ್ಲಿ ತಾಯಿ ಸತ್ತರೆ ಇನ್ನೂ ಹೊರಗೆ ಬಾರದ ಮರಿಗಳು ನೆಲದೊಳಗೇ ಉಳಿಯುತ್ತವೆ. ಇದನ್ನರಿತ ಬೇಟೆಗಾರರು ಮರಿಗಳು ದೊಡ್ಡವಾಗುವ ತನಕ ಕಾಯುತ್ತಾರೆ. ಹಾಗೆ ಕಾಯುವವರನ್ನೂ ಲೆಕ್ಕವಿಲ್ಲದೆ ಸುಡುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಆದರೆ ವಾಲ್ ಊರಿನ ದಕ್ಷಿಣಕ್ಕಿರುವ ಕೊನಾಟಾ ಬಯಲಿನಲ್ಲಿ ಗುಂಡು ಹಾರಿಸುವಂತಿಲ್ಲ. ಅಲ್ಲಿರುವ ಕರಿಗಾಲು ಫೆರೆಟ್ ಇದಕ್ಕೆ ಕಾರಣ. ನೀರುನಾಯಿಯ ಕುಟುಂಬಕ್ಕೇ ಸೇರಿದ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂತಿರುವ ಈ ಸಪೂರ ಪ್ರಾಣಿ ಬದುಕುವುದು ಪ್ರೇರಿ ನಾಯಿಯನ್ನು ತಿಂದು, ಅದರದೇ ಬಿಲದಲ್ಲಿ. ಒಂದು ಫೆರೆಟ್ ವರ್ಷಕ್ಕೆ ನೂರಕ್ಕೂ ಹೆಚ್ಚನ್ನು ತಿನ್ನಬಲ್ಲದು. ಇಪ್ಪತ್ತನೆಯ ಶತಮಾನದಲ್ಲಿ ರೈತರೂ ಸರ್ಕಾರವೂ ವಿಷವಿಟ್ಟು ಊರಿಗೆ ಊರನ್ನೇ ಅಳಿಸಿದಾಗ ಫೆರೆಟ್ ಕೂಡ ಕಾಣದಾಯಿತು. 1979ರಲ್ಲಿ ಸೆರೆಯಲ್ಲಿದ್ದ ಕಡೆಯದು ಸತ್ತಾಗ ಸಂತತಿಯೇ ಮುಗಿಯಿತೆಂದುಕೊಂಡರು. 1981ರ ಸೆಪ್ಟೆಂಬರಿನಲ್ಲಿ ವಯೋಮಿಂಗ್ ರಾಜ್ಯದ ಮೀಟೀಟ್ಸಿ ಬಳಿ ಶೆಪ್ ಎಂಬ ಸಾಕುನಾಯಿ ಒಂದನ್ನು ಕೊಂದು ಮನೆಗೆ ತಂದಿತು! ನಿಜವಾದ ನಾಯಿಯೊಂದು ಮಾಡಿದ ಈ ಶೋಧದಿಂದ ಅಲ್ಲಿ ಉಳಿದಿದ್ದ ಗುಂಪು ಬೆಳಕಿಗೆ ಬಂತು. 1987ರ ವೇಳೆಗೆ ಹಿಡಿದಿಟ್ಟವು ಹದಿನೆಂಟೇ. ಅವುಗಳಿಂದ ಬೆಳೆಸಿದ ಮರಿಗಳನ್ನು 1991ರಿಂದ ಮತ್ತೆ ಬಯಲಿಗೆ ಬಿಡತೊಡಗಿದರು. ಕೊನಾಟಾಕ್ಕೆ ಅವು ಬಂದದ್ದು 1996ರಲ್ಲಿ.

ಬಂದೂಕಿಗಿಂತ, ವಿಷಕ್ಕಿಂತ ದೊಡ್ಡ ಶತ್ರು ಚಿಗಟ. 1896ರಲ್ಲಿ ಮುಂಬಯಿಯನ್ನು, 1898ರಲ್ಲಿ ಬೆಂಗಳೂರನ್ನು ಹೊಕ್ಕು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಕಾರಣವಾದ ಪ್ಲೇಗು ಮಾರಿಯೇ 1900ರಲ್ಲಿ ಹಡಗಿನ ಇಲಿಗಳೊಂದಿಗೆ ಸಾನ್ ಫ್ರಾನ್ಸಿಸ್ಕೋ ಸೇರಿತು. ಅಲ್ಲಿಂದ ಅದು ಕಾಡುಪ್ರಾಣಿಗಳಿಗೆ ತಗುಲಿ ಪೂರ್ವಕ್ಕೆ ಸರಿಯಿತು. ಪ್ರೇರಿ ನಾಯಿಗೆ ಅದನ್ನು ತಡೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು. ಹೋದ ವರ್ಷ ಗಿಜಿಗುಟ್ಟುತ್ತಿದ್ದ ಊರು ಈ ವರ್ಷ ಮಸಣವಾಗಿರುತ್ತದೆ. ಅನುಭವಿ ಬೇಟೆಗಾರರು ಹಳೆಯ ಗುರುತನ್ನು ನಂಬದೆ ಪ್ರತಿ ಬೇಸಿಗೆಯೂ ಹೊಸದಾಗಿ ವಿಚಾರಿಸುವುದು ಇದಕ್ಕಾಗಿ. 2008ರಲ್ಲಿ ಪ್ಲೇಗು ಕೊನಾಟಾಕ್ಕೂ ಬಂತು. ಪ್ರೇರಿ ನಾಯಿಗಳ ಜೊತೆಗೆ ಫೆರೆಟ್‌ಗಳೂ ಸತ್ತವು.

ಮಕ್ಕಳೊಂದಿಗೆ ಹೋಗುವವರಿಗೆ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದೊಳಗಿನ ರಾಬರ್ಟ್ಸ್ ಪ್ರೇರಿ ನಾಯಿ ಊರು ಒಳ್ಳೆಯದು. ಸೇಜ್ ಕ್ರೀಕ್ ಜಲ್ಲಿ ರಸ್ತೆಯ ಪಕ್ಕದಲ್ಲೇ ಇದೆ, ಬೇಟೆಗೆ ಅವಕಾಶವಿಲ್ಲ. ಗಾಡಿ ನಿಲ್ಲಿಸಿ ಸುಮ್ಮನೆ ಕುಳಿತರೆ ಕೆಲವೇ ನಿಮಿಷಗಳಲ್ಲಿ ಒಂದೊಂದೇ ತಲೆ ಹೊರಗೆ ಬರುತ್ತವೆ. ತಿನಿಸು ಎಸೆಯಬಾರದು, ಬಿಲಕ್ಕೆ ಕೈ ಹಾಕಬಾರದು, ಬುಡುಬುಡಿಕೆ ಹಾವು ಒಳಗಿರಬಹುದು. ಸತ್ತ ಪ್ರಾಣಿಯನ್ನಂತೂ ಮುಟ್ಟಲೇಬಾರದು. ಮೈ ತಣ್ಣಗಾದೊಡನೆ ಚಿಗಟಗಳು ಬೇರೆ ಆಸರೆ ಹುಡುಕುತ್ತವೆ.

ಅದೇ ಬಯಲಿನ ಇನ್ನೊಂದು ಬದಿಯಲ್ಲಿ, ಕೊನಾಟಾದಲ್ಲಿ, ಕೆಲಸಗಾರರು ಚಿಗಟ ಕೊಲ್ಲುವ ಪುಡಿಯನ್ನು ಒಂದೊಂದೇ ಬಿಲದ ಬಾಯಿಗೆ ಊದುತ್ತ ಸಾಗುತ್ತಾರೆ. ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ಪುಡಿಯ ಶಕ್ತಿ ಕುಂದಿದಾಗ ಮತ್ತೆ ಮೊದಲಿನಿಂದ ಆಗಬೇಕು. ಬೇಸಿಗೆ ಕಳೆದ ಮೇಲೆ ಜೀವಶಾಸ್ತ್ರಜ್ಞರು ರಾತ್ರಿಯಿಡೀ ಗಾಡಿಯಲ್ಲಿ ಸುತ್ತುತ್ತ ದೀಪ ಹಾಯಿಸುತ್ತಾರೆ. ದೂರದ ದಿಬ್ಬವೊಂದರ ಮೇಲೆ ಎರಡು ಹಸಿರು ಕಣ್ಣು ಮಿನುಗಿದರೆ, ಅಲ್ಲೊಂದು ಫೆರೆಟ್ ಇನ್ನೂ ಉಳಿದಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಗಾಡಿಯನ್ನು ಮುಂದಕ್ಕೆ ಓಡಿಸುತ್ತಾರೆ.